ಎರಡು ಪೆಟ್ರೋಮ್ಯಾಕ್ಸ್‌ಗಳ ನಡುವೆ ತೀರ್ಥಪ್ಪ

ಅಜ್ಜಂಪುರದಲ್ಲಿ ಈರುಳ್ಳಿಗೆ ಕೊರತೆಯಿಲ್ಲ, ಒಳ್ಳೆಯ ಎತ್ತುಗಳಿಗೆ ಕೊರತೆಯಿಲ್ಲ, ಮಾತಿಗಂತೂ ಎಂದೂ ಕೊರತೆ ಬಂದದ್ದಿಲ್ಲ. ಕೊರತೆ ಇದ್ದದ್ದು ನೀರಿಗೆ ಮಾತ್ರ. ಅಂಥ ಊರಿನಲ್ಲಿ ಸಮುದ್ರ ದಾಟಿ ಬಂದ ಮನುಷ್ಯನೊಬ್ಬ ಇದ್ದಾನೆಂದರೆ ಅವನಿಗೆ ಎಷ್ಟು ಮರ್ಯಾದೆ ಸಲ್ಲಬೇಕೋ ನೀವೇ ಊಹಿಸಿಕೊಳ್ಳಿ. ಅದಕ್ಕಿಂತ ತುಸು ಹೆಚ್ಚೇ ಮರ್ಯಾದೆ ಸ್ಟೇಷನ್ ರಸ್ತೆಯ ಪಂಪ್‌ಸೆಟ್ ರಿಪೇರಿ ತೀರ್ಥಪ್ಪನಿಗೆ ಸಲ್ಲುತ್ತಿತ್ತು.

ನಿಜವಾಗಿ ನಡೆದದ್ದು ಇಷ್ಟೇ. ಎಂಜಿನ್ನಿನ ಬಿಡಿಭಾಗ ತರಲು ಒಮ್ಮೆ ಮಂಗಳೂರಿಗೆ ಹೋದ ತೀರ್ಥಪ್ಪ, ಕೆಲಸ ಮುಗಿದ ಮೇಲೆ ಹೊತ್ತು ಕಳೆಯಲು ನದಿ ಸಮುದ್ರ ಸೇರುವ ಕಡೆ ನಡೆದ. ಅಲ್ಲಿ ಜನ, ಸೈಕಲ್ಲು, ಮೀನಿನ ಬುಟ್ಟಿಗಳನ್ನು ಈ ದಡದಿಂದ ಆ ದಡಕ್ಕೆ ಸಾಗಿಸುವ ಬೋಟೊಂದಿತ್ತು. ಹತ್ತಿದ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿನ ಪ್ರಯಾಣ. ಅಷ್ಟೂ ಹೊತ್ತು, ಲಿಂಗ ಕಟ್ಟಿಕೊಂಡ ಮನುಷ್ಯ ಎಂಬುದನ್ನೂ ಮರೆತು, ಪಕ್ಕದಲ್ಲಿದ್ದ ಮೀನಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ವಾಪಸ್ಸು ಬರುವಾಗ ಸುತ್ತು ಹಾಕಿಕೊಂಡು ಸೇತುವೆಯ ಮೇಲೆ ಬಸ್ಸಿನಲ್ಲಿ ಬಂದ.

ಬರುತ್ತಾ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತಂದಿದ್ದ. ಅದನ್ನು ಅಂಗಡಿಯ ಗೂಡಿನಲ್ಲಿಟ್ಟ. ಚೌಳಹಿರಿಯೂರಿನಿಂದ ಮೋಟಾರು ರಿಪೇರಿಗೆ ಬಂದ ದೊಡ್ಡಬೀರಪ್ಪ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು, "ಶಿವನೇ! ಇಷ್ಟು ಉಪ್ಪನ್ನ ಯಾವನು ತಂದು ಸುರಿದನಪ್ಪಾ ಅಲ್ಲಿ!" ಎಂದು ಕಣ್ಣರಳಿಸಿದ. ಅಂದಿನಿಂದ ತೀರ್ಥಪ್ಪನ ಕಥೆಗೆ ಸಾಕ್ಷಿ ಸಿಕ್ಕಿತು. ಬೀಡಿ ಸೇದುವ ಹೊತ್ತು ಅರ್ಧ ದಿನವಾಯಿತು, ಅರ್ಧ ದಿನ ಇಡೀ ರಾತ್ರಿಯಾಯಿತು. ಅಲೆಗಳು ಮೊದಲು ಆಳೆತ್ತರ ಇದ್ದವು, ಆಮೇಲೆ ಗೋದಾಮಿನೆತ್ತರಕ್ಕೆ ಬೆಳೆದವು. ರೇಡಿಯೋದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬಂದರೆ ಸಾಕು, ಈರುಳ್ಳಿ ಒಣಗಲು ಹಾಕಿದವರೆಲ್ಲ ತೀರ್ಥಪ್ಪನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ತೀರ್ಥಪ್ಪ ಹೊರಗೆ ಬಂದು ಆಕಾಶ ನೋಡಿ, "ಅದು ಬೇರೆ ಸಮುದ್ರ. ನಂದು ಬೇರೆ. ಆದ್ರೂ ಒಳಗೆ ಹಾಕ್ಕೊಳ್ಳಿ," ಎನ್ನುತ್ತಿದ್ದ. ಬಾಟಲಿಯ ನೀರು ಆರಿ ತಳ ಮುಟ್ಟಿದಾಗಲೆಲ್ಲ ಅವನ ಹೆಂಡತಿ ಗುರುಶಾಂತಮ್ಮ ಬಾವಿಯ ನೀರಿಗೆ ಒಂದು ಹಿಡಿ ಉಪ್ಪು ಕದಡಿ ತುಂಬಿಸಿಡುತ್ತಿದ್ದಳು. ಗಂಡನಿಗೆ ಇದು ಗೊತ್ತಿರಲಿಲ್ಲ. ಸಮುದ್ರದ ನೀರು ಆರುವುದೇ ಇಲ್ಲ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಇಂಥ ತೀರ್ಥಪ್ಪನ ಮಗಳು ನೀಲಾ. ಊರಿನ ದನದ ಆಸ್ಪತ್ರೆಗೆ ವಿಶ್ವನಾಥ ಎಂಬ ಕಾಂಪೌಂಡರ್ ಬಂದ ಮೇಲೆ ಆ ಆಸ್ಪತ್ರೆಯ ನೀರಿನ ಪಂಪು ಪದೇ ಪದೇ ಕೆಡತೊಡಗಿತು. ಕಾಂಪೌಂಡರ್ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತೀರ್ಥಪ್ಪನ ಅಂಗಡಿಗೆ ತರುವನು, ಅಂಗಡಿಯ ಹಿಂದಿನ ಮನೆಯಿಂದ ನೀಲಾ ಕಾಫಿ ತರುವಳು. ಪಂಪಿಗೆ ಯಾವ ರೋಗವೂ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು, ತೀರ್ಥಪ್ಪನೊಬ್ಬನನ್ನು ಬಿಟ್ಟು. ಅವನು ಅದನ್ನು ಬಿಚ್ಚಿ ಬಿಚ್ಚಿ ನೋಡಿ, "ಒಳಗೆಲ್ಲೋ ಗುಪ್ತ ಕಾಯಿಲೆ ಐತೆ ಕಣ್ರೀ," ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಕೊನೆಗೆ ಗುರುಶಾಂತಮ್ಮ, "ಕಾಯಿಲೆ ಪಂಪಿಗಲ್ಲ ಕಣ್ರೀ," ಎಂದು ಬಿಡಿಸಿ ಹೇಳಬೇಕಾಯಿತು.

ಹುಡುಗ ಒಳ್ಳೆಯವನು, ಜಾತಿಯೂ ಒಂದೇ, ಮನೆಯೂ ಒಳ್ಳೆಯದು. ಅವರ ಊರು ಮಾತ್ರ ಭದ್ರಾ ಅಣೆಕಟ್ಟಿನ ಹಿನ್ನೀರಿನ ಆಚೆ ದಡದ ನೇರಲೆಹಡ್ಲು. ಎಪ್ಪತ್ತೆಂಟನೇ ಇಸವಿಯ ದೀಪಾವಳಿ ಕಳೆದ ಮೇಲೆ ಅವರ ಕಡೆಯವರು ಹೆಣ್ಣು ನೋಡಲು ಬಂದರು. ಹುಡುಗನ ತಂದೆ ಸೋಮಶೇಖರಪ್ಪನವರದು ಮಾತು ಕಡಿಮೆ. ಅವರ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದವರು ಹುಡುಗನ ಅಜ್ಜಿ ಕೆಂಚಮ್ಮ. ಆಕೆ ಒಬ್ಬಟ್ಟು ತಿಂದರು, ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು, ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ ಬಂದರು, ಆಮೇಲೆ ಕಾಲು ಚಾಚಿ ಕೂತು ವಿಷಯಕ್ಕೆ ಬಂದರು.

"ನೋಡಪ್ಪಾ ತೀರ್ಥಪ್ಪ, ಹುಡ್ಗಿ ನಂಗೆ ಒಪ್ಪಿಗೆ. ಆದ್ರೆ ನಮ್ಮನೆ ಪದ್ಧತಿ ಒಂದೈತೆ. ಹೆಣ್ಣಿನ ತಂದೆ ಸೋಮವಾರ ಹೊತ್ತು ಹುಟ್ಟೋದ್ರೊಳಗೆ ಬಂದು, ತನ್ನ ಕೈಯಾರೆ ಮನೆ ಹಿರಿಯೋಳ ಮಡಿಲಿಗೆ ವೀಳ್ಯ ಹಾಕ್ಬೇಕು. ನನ್ನ ತಮ್ಮ ತನ್ನ ಮೊಮ್ಮಗಳನ್ನೇ ತಗೋಬೇಕು ಅಂತ ಪಟ್ಟು ಹಿಡಿದವನೆ. ಶೂನ್ಯಮಾಸ ಹಿಡಿಯೋ ಮುಂಚೆ ನಿಮ್ ವೀಳ್ಯ ಬಿದ್ರೆ ಸಂಬಂಧ ನಿಮ್ದು. ಬೀಳಲಿಲ್ವೋ, ಆಮೇಲೆ ನಾನು ಅವನ ಬಾಯಿ ಮುಚ್ಚಕ್ಕಾಗಲ್ಲ."

ಶೂನ್ಯಮಾಸಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಸೋಮವಾರ. ಸೋಮಶೇಖರಪ್ಪ ಮೊದಲ ಸಲ ಬಾಯಿ ತೆರೆದು, "ಭಾನುವಾರವೇ ಶಿವಮೊಗ್ಗದ ಮೇಲೆ ಬಸ್ಸಲ್ಲಿ ಬಂದು ಉಳ್ಕೊಂಬಿಡಿ. ಸುತ್ತು ದಾರಿ, ಆದ್ರೂ ಅದೇ ಸಲೀಸು," ಎಂದರು.

ಅಲ್ಲಿಗೆ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಊರಿನ ಅರ್ಧ ಜನ ನಿಂತಿದ್ದರು, ಅವರಾಚೆ ಅಂಗಡಿಯ ಗೂಡಿನಲ್ಲಿ ಬಾಟಲಿ ಮಿನುಗುತ್ತಿತ್ತು. ತೀರ್ಥಪ್ಪ ನಕ್ಕ.

"ಬಸ್ಸೇ? ಸಮುದ್ರ ದಾಟಿದೋನಿಗೆ ನಿಮ್ಮ ಹಿನ್ನೀರು ಯಾವ ಲೆಕ್ಕ ಬೀಗರೇ! ಲಕ್ಕವಳ್ಳಿ ಕಡೆಯಿಂದ ಮೋಟಾರ್ ಬೋಟ್ ಹತ್ತಿದ್ರೆ ನೆಟ್ಟಗೆ ನಿಮ್ಮ ಹಿತ್ತಲಲ್ಲೇ ಇಳೀತೀನಿ."

ಕೆಂಚಮ್ಮನ ಮುಖ ಅರಳಿತು. "ಹಂಗಾದ್ರೆ ಬೋಟಲ್ಲೇ ಬನ್ನಿ! ನಮ್ಮೂರಿಗೆ ವೀಳ್ಯ ತಗೊಂಡು ನೀರಿನ ಮೇಲೆ ಬಂದ ಬೀಗರು ಇದುವರೆಗೂ ಯಾರೂ ಇಲ್ಲ. ದಡದಾಗೆ ಪೆಟ್ರೋಮ್ಯಾಕ್ಸ್ ಹಚ್ಚಿಸಿ ಇಡ್ತೀನಿ. ಬೆಳಕು ನೋಡ್ಕೊಂಡು ಬನ್ನಿ, ನಾನು ಅದ್ರ ಕೆಳಗೇ ಮಡಿಲು ಹಿಡ್ಕೊಂಡು ಕೂತಿರ್ತೀನಿ."

ಬಾಗಿಲಲ್ಲಿ ನಿಂತಿದ್ದ ಜನ ಚಪ್ಪಾಳೆ ಹೊಡೆದರು. ನೀಲಾ ಒಳಗಿನಿಂದ, "ಅಪ್ಪಾಜಿ, ಬಸ್ಸಲ್ಲೇ ಹೋಗಿ," ಎಂದಳು. ಆ ಗದ್ದಲದಲ್ಲಿ ಅದು ಅವಳಿಗೂ ಸರಿಯಾಗಿ ಕೇಳಿಸಲಿಲ್ಲ.

ಭಾನುವಾರ ಬೆಳಿಗ್ಗೆಯೇ ತೀರ್ಥಪ್ಪ, ಗುರುಶಾಂತಮ್ಮ, ನೀಲಾ, ಶಾಸ್ತ್ರ ನಡೆಸಿಕೊಡಲು ಮಠದ ಮಲ್ಲಿಕಾರ್ಜುನಯ್ಯ, ಇಷ್ಟು ಜನ ಹೊರಟರು. ಗುರುಶಾಂತಮ್ಮನ ತಮ್ಮ ಬಸವರಾಜನಿಗೆ ಲಕ್ಕವಳ್ಳಿಯ ಹತ್ತಿರ ಹಿನ್ನೀರಿನ ದಡದಲ್ಲೇ ಚಿಲ್ಲರೆ ಅಂಗಡಿ. ಮಧ್ಯಾಹ್ನ ಅಲ್ಲಿ ಉಂಡು, ಬಿಸಿಲಿರುವಾಗಲೇ ಬೋಟು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಬೀಗರ ಹಿತ್ತಲಲ್ಲಿ ಇಳಿಯುವುದೆಂದು ಲೆಕ್ಕ. ವೀಳ್ಯದೆಲೆ, ಅಡಿಕೆ, ಕೊಬ್ಬರಿ, ಬೆಲ್ಲ, ಕುಂಕುಮ, ರವಿಕೆ ಕಣ ಎಲ್ಲವನ್ನೂ ಗುರುಶಾಂತಮ್ಮ ಕೆಂಪು ರೇಷ್ಮೆಯ ತುಂಡಿನಲ್ಲಿ ಗಂಟು ಕಟ್ಟಿದ್ದಳು. ದಾರಿಯಲ್ಲಿ ಬೇಕಾದೀತೆಂದು ತೀರ್ಥಪ್ಪ ತನ್ನ ರಿಪೇರಿ ಸಾಮಾನುಗಳನ್ನೂ ತಂದಿದ್ದ. ಗ್ರೀಸು ಹಿಡಿದ ಚೀಲ ಬೀಗರ ಕಣ್ಣಿಗೆ ಬಿದ್ದರೆ ಚೆನ್ನಾಗಿರುವುದಿಲ್ಲವೆಂದು ಅದೇ ರೇಷ್ಮೆಯಲ್ಲಿ ಉಳಿದ ತುಂಡನ್ನು ಅದಕ್ಕೂ ಸುತ್ತಿದ್ದ.

ತರೀಕೆರೆ ದಾಟಿದ ಮೇಲೆ ಬಸ್ಸು ಕೆಮ್ಮಿ ನಿಂತಿತು. ಡ್ರೈವರು ಒಂದು ಬಿಂದಿಗೆ ನೀರು ಹುಯ್ದು ಹೊರಡುವವನಿದ್ದ. ಅಷ್ಟರಲ್ಲಿ ತೀರ್ಥಪ್ಪ ಅಂಗಿಯ ತೋಳು ಮಡಿಸಿಕೊಂಡು ಇಳಿದುಬಿಟ್ಟ. ಪಂಪ್‌ಸೆಟ್ಟಿನ ಮಟ್ಟಿಗೆ ಅವನ ಕೈ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸು ಪಂಪ್‌ಸೆಟ್ ಅಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ. ಬಿಚ್ಚಿದ್ದನ್ನೆಲ್ಲ ವಾಪಸ್ಸು ಜೋಡಿಸಿದ ಮೇಲೂ ಒಂದಷ್ಟು ನಟ್ಟು ಉಳಿದವು. ಕಂಡಕ್ಟರು ಅವನ್ನು ಚಿಲ್ಲರೆಯ ಜೊತೆ ಚೀಲಕ್ಕೆ ಹಾಕಿಕೊಂಡ. ಉಳಿದ ದಾರಿಯನ್ನು ಬಸ್ಸು ಮದುವಣಗಿತ್ತಿಯ ನಡಿಗೆಯಲ್ಲಿ ನಡೆಯಿತು. ಲಕ್ಕವಳ್ಳಿಯಲ್ಲಿ ಇಳಿದಾಗ ಕತ್ತಲಾಗಿತ್ತು, ಶಿವಮೊಗ್ಗದ ಕಡೆಯ ಕೊನೆಯ ಬಸ್ಸೂ ಹೋಗಿಯಾಗಿತ್ತು.

"ಭಾವ, ಇವತ್ತು ನೀರಿಗಿಳೀಬೇಡಿ," ಎಂದ ಬಸವರಾಜ. "ನೀರಿನಡಿ ಎಲ್ಲಾ ಮುಳುಗಿದ ಕಾಡು. ಮರದ ಬೊಡ್ಡೆಗೆ ತಗುಲಿದ್ರೆ ಬೋಟು ಹೋಗ್ಲಿ, ನಿಮ್ಮ ಪಂಚೆನೂ ಸಿಕ್ಕಲ್ಲ."

"ಲೇ ಬಸವರಾಜ, ನೀನು ಸಮುದ್ರ ನೋಡಿದೀಯೇನೋ?"

"ಇಲ್ಲ ಭಾವ."

"ಹಂಗಾದ್ರೆ ಸುಮ್ನಿರು."

ಮಾತು ಜೋರಾಗಿತ್ತು, ಆದರೆ ನೀರು ನೋಡಿದ ತೀರ್ಥಪ್ಪನ ಕೈ ಬಸವರಾಜನ ತೋಳನ್ನು ಬಿಟ್ಟಿರಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರವೂ ಕಪ್ಪು ನೀರು. ತಬ್ಬಿಕೊಳ್ಳಲು ಮೀನಿನ ಬುಟ್ಟಿಯೂ ಇಲ್ಲ. ಹಿಂದೆ ಸರಿಯೋಣವೆಂದರೆ ಮಗಳು ಅವನನ್ನೇ ನೋಡುತ್ತ ನಿಂತಿದ್ದಳು. ಬೆಳಗಾಗುವುದರೊಳಗೆ ಆಚೆ ದಡ ಮುಟ್ಟಲು ಉಳಿದಿದ್ದದ್ದು ಈ ಒಂದೇ ದಾರಿ, ಮತ್ತು ಬೇರೆ ದಾರಿಗಳನ್ನೆಲ್ಲ ಮುಚ್ಚಿದವನು ಅವನೇ. ತೀರ್ಥಪ್ಪ ಪಂಚೆ ಎತ್ತಿ ಕಟ್ಟಿದ.

ಬೋಟು ಮೀನಿನ ಕಂಟ್ರಾಕ್ಟರನದು. ಅದನ್ನು ನಡೆಸುವ ಗಿರಿಯಪ್ಪ ಹತ್ತಿರದ ಬಲೆಗಳವರೆಗೆ ಹೋಗಿ ಬರುವವನೇ ಹೊರತು ಜನ್ಮದಲ್ಲಿ ಆಚೆ ದಡಕ್ಕೆ ಹೋದವನಲ್ಲ. ಆದರೆ ಬೋಟು ಓಡಿಸುವವನಿಗೆ ದಾರಿ ಗೊತ್ತಿದ್ದೇ ಇರುತ್ತದೆ ಎಂದು ತೀರ್ಥಪ್ಪ ಧೈರ್ಯ ತಂದುಕೊಂಡಿದ್ದ. ಸಮುದ್ರ ದಾಟಿದವರಿಗೆ ದಾರಿ ಗೊತ್ತಿದ್ದೇ ಇರುತ್ತದೆ ಎಂದು ಗಿರಿಯಪ್ಪ ಧೈರ್ಯ ತಂದುಕೊಂಡಿದ್ದ. ಒಬ್ಬರನ್ನೊಬ್ಬರು ಪೂರ್ತಿಯಾಗಿ ನಂಬಿದ ಇಂಥ ಜೋಡಿ ಆ ನೀರಿನ ಮೇಲೆ ಹಿಂದೆಂದೂ ಹೊರಟಿರಲಿಕ್ಕಿಲ್ಲ.

ಹೊರಡುವಾಗ, ಮಗಳೊಂದಿಗೆ ತಮ್ಮನ ಮನೆಯಲ್ಲೇ ಉಳಿಯಲಿದ್ದ ಗುರುಶಾಂತಮ್ಮ ದಡದಲ್ಲಿ ದೀಪ ಹಚ್ಚಿದಳು. ಅವರ ಮನೆತನದಲ್ಲಿ ಅದೊಂದು ಕಟ್ಟುನಿಟ್ಟು. ಶುಭಕಾರ್ಯಕ್ಕೆ ಹೊರಟವರನ್ನು ದೀಪ ಹಚ್ಚಿ ಕಳಿಸಬೇಕು, ಅವರು ಮುಟ್ಟಿದರೆಂಬ ಸುದ್ದಿ ಬರುವವರೆಗೆ ಅದನ್ನು ಆರಿಸಬಾರದು. ಎಣ್ಣೆಯ ದೀಪ ಗಾಳಿಗೆ ನಿಲ್ಲಲಿಲ್ಲ. ಕೊನೆಗೆ ಬಸವರಾಜನ ಅಂಗಡಿಯ ಪೆಟ್ರೋಮ್ಯಾಕ್ಸನ್ನೇ ಹಚ್ಚಿ ಮಾವಿನ ಮರದ ಕೊಂಬೆಗೆ ನೇತುಹಾಕಿದರು. ತೀರ್ಥಪ್ಪ ಕೆಂಪು ಗಂಟನ್ನು ಕಣ್ಣಿಗೊತ್ತಿಕೊಂಡು ಬೋಟಿನಲ್ಲಿ ಕೂತಿದ್ದ ಮಲ್ಲಿಕಾರ್ಜುನಯ್ಯನವರ ತೊಡೆಯ ಮೇಲಿಟ್ಟ.

"ಅಯ್ಯನೋರೆ, ಇದನ್ನ ನೆಲಕ್ಕೆ ಮುಟ್ಟಿಸ್ಬೇಡಿ. ನನ್ನ ಮಗಳ ಬಾಳು ಇದ್ರೊಳಗೈತೆ."

"ಭಾರ ಐತಲ್ಲೋ ತೀರ್ಥಪ್ಪ!"

"ನಮ್ಮ ಕಡೆ ಕೊಬ್ಬರಿ ಬುದ್ಧಿ, ಗಟ್ಟಿ."

ಎಂಜಿನ್ನು ಡುಬು ಡುಬು ಎಂದಿತು. ದಡದಲ್ಲಿ ಗುರುಶಾಂತಮ್ಮ ಕೈಬೀಸಿ ಏನೋ ಕೂಗಿದಳು. ತೀರ್ಥಪ್ಪನೂ ಕೈಬೀಸಿದ. "ಪಾಪ, ಅಳ್ತಾ ಅವಳೆ," ಎಂದು ಅಯ್ಯನವರಿಗೆ ಹೇಳಿದ. ಸ್ವಲ್ಪ ದೂರ ಹೋದ ಮೇಲೆ ಗಿರಿಯಪ್ಪ ಚುಕ್ಕಾಣಿಯನ್ನು ತೀರ್ಥಪ್ಪನ ಕೈಗೆ ಕೊಟ್ಟು ಕೈಮುಗಿದ.

"ಸಾಮಿ, ಇನ್ನು ಮುಂದೆ ತಾವು. ಸಮುದ್ರ ದಾಟಿದೋರು ಕೂತಿರುವಾಗ ನಾನು ಹಿಡ್ಕೊಂಡ್ರೆ ತಪ್ಪಾಯ್ತದೆ."

ಬೇಡವೆನ್ನಲು ತೀರ್ಥಪ್ಪ ಬಾಯಿ ತೆರೆಯುವುದರೊಳಗೆ ಗಿರಿಯಪ್ಪ ಬಲೆಯ ರಾಶಿಯ ಮೇಲೆ ಮಲಗಿ ಗೊರಕೆ ಶುರುಮಾಡಿದ್ದ.

ತೀರ್ಥಪ್ಪ ಚುಕ್ಕಾಣಿ ಹಿಡಿದು ಕತ್ತಲನ್ನು ದಿಟ್ಟಿಸಿದ. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು. ಚಳಿಗಾಳಿ ಮುಖಕ್ಕೆ ಹೊಡೆಯಿತು, ನೀರು ಬದಿಗಳಲ್ಲಿ ಸರ್ರನೆ ಸರಿಯಿತು, ಅವನಿಗೆ ತನ್ನ ಸುಳ್ಳೆಲ್ಲ ನಿಜವೇ ಇರಬಹುದೆಂಬ ಹುರುಪು ಬಂತು. "ಇದೇನೂ ಅಲ್ಲ ಅಯ್ಯನೋರೆ. ಅಲೆ ಅಂದ್ರೆ ಅಲ್ಲಿಂದು," ಎಂದು ಶುರುಮಾಡಿದ. ಅಲೆ ಗೋದಾಮಿನೆತ್ತರಕ್ಕೆ ಏರುವ ಹೊತ್ತಿಗೆ ಸರಿಯಾಗಿ ಬೋಟಿನಡಿ ದಡ್ ಎಂದು ಏನೋ ಬಡಿಯಿತು. ಬೋಟು ಗಿರ್ರನೆ ತಿರುಗಿತು. ಎಂಜಿನ್ನು ಎರಡು ಸಲ ಬಿಕ್ಕಿ ಸುಮ್ಮನಾಯಿತು.

"ಮುಗೀತಾ?" ಎಂದರು ಅಯ್ಯನವರು, ಗಂಟನ್ನು ಅವಚಿಕೊಂಡು.

"ಏರ್ ಹಿಡಿದೈತೆ. ಡೀಸೆಲ್ ಪೈಪಿನ ನಟ್ಟು ಸಡಿಲ ಮಾಡಿ ಗಾಳಿ ತೆಗೆದ್ರೆ ಸರಿಹೋಗುತ್ತೆ. ನನ್ನ ಸ್ಪ್ಯಾನರ್ ಗಂಟು..." ತೀರ್ಥಪ್ಪ ಕತ್ತಲಲ್ಲಿ ಬೋಟೆಲ್ಲ ತಡಕಾಡಿದ. "ಅಯ್ಯೋ ಶಿವನೇ! ಸಾಮಾನಿನ ಗಂಟು ದಡದಲ್ಲೇ ಬಿಟ್ಬಂದೆ!"

ಅಯ್ಯನವರು ಓಂ ನಮಃ ಶಿವಾಯ ಹೇಳುತ್ತ, ಕೈಲಿದ್ದ ಗಂಟಿಗೆ ವಿಭೂತಿ ಹಚ್ಚಿ, "ತಾಯಿ, ನೀನೇ ಕಾಪಾಡು," ಎಂದು ಹಣೆಗೆ ಒತ್ತಿಕೊಂಡರು. ಹಣೆಗೆ ಏನೋ ಗಟ್ಟಿಯಾಗಿ ತಾಗಿತು. ಕೊಬ್ಬರಿ ನಿಜವಾಗಿಯೂ ಒಳ್ಳೆಯದು ಎಂದುಕೊಂಡರು.

ಬೋಟು ಅದೆಷ್ಟು ಹೊತ್ತು ತನ್ನಷ್ಟಕ್ಕೆ ತಾನೇ ತೇಲಿತೋ, ಅದೆಷ್ಟು ಸಲ ತಿರುಗಿತೋ ಯಾರಿಗೂ ತಿಳಿಯಲಿಲ್ಲ. "ಅಯ್ಯನೋರೆ, ನಕ್ಷತ್ರ ನೋಡಿ ದಿಕ್ಕು ಹೇಳ್ರಿ," ಎಂದ ತೀರ್ಥಪ್ಪ. ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳೂ ನಕ್ಷತ್ರಗಳನ್ನು ಒಂದೇ ಉಸಿರಿಗೆ ಹೇಳಬಲ್ಲ ಅಯ್ಯನವರು ತಲೆಯೆತ್ತಿ ಬಹಳ ಹೊತ್ತು ನೋಡಿ, "ಪಂಚಾಂಗದಲ್ಲಾದ್ರೆ ಎಲ್ಲಾ ಗೊತ್ತು ಕಣೋ. ಇಲ್ಲಿ ಯಾವುದು ಯಾವುದೋ!" ಎಂದುಬಿಟ್ಟರು.

ಗಿರಿಯಪ್ಪನ ಎಲೆಅಡಿಕೆ ಚೀಲದಲ್ಲಿ ಒಂದು ಅಡಕತ್ತರಿ ಸಿಕ್ಕಿತು. ನಿದ್ದೆಯಲ್ಲಿದ್ದವನ ಚೀಲಕ್ಕೆ ಕೈಹಾಕಿದ್ದಕ್ಕೆ ಶಿವನ ಕ್ಷಮೆ ಕೇಳಿ ತೀರ್ಥಪ್ಪ ಕೆಲಸಕ್ಕೆ ಕೂತ. ಅಡಕತ್ತರಿ ನಟ್ಟಿನ ಮೇಲೆ ಜಾರಿತು, ಬೆರಳು ಕಚ್ಚಿತು, ಮತ್ತೆ ಜಾರಿತು. ಚಳಿಗೆ ಕೈ ಮರಗಟ್ಟಿತು. ಆದರೆ ಇದು ಬಸ್ಸಲ್ಲ, ಬೋಟಿನೊಳಗೆ ಕೂತಿದ್ದ ಎಂಜಿನ್ನು ಅವನು ಹೊಲಹೊಲದಲ್ಲೂ ಕಂಡಂಥದ್ದೇ. ಕಣ್ಣು ಕಾಣದಿದ್ದರೂ ಬೆರಳಿಗೆ ಅದರ ಮೈಯೆಲ್ಲ ಗೊತ್ತಿತ್ತು. ರಾತ್ರಿಯ ಬಹುಪಾಲು ಆ ಒಂದು ನಟ್ಟಿಗೇ ಹೋಯಿತು. ಕೊನೆಗೆ ಪುಸ್ಸೆಂದು ಗಾಳಿ ಹೊರಟಿತು, ಡೀಸೆಲ್ ಚಿಮ್ಮಿತು, ಡುಬು ಡುಬು ಸದ್ದು ಕತ್ತಲನ್ನೆಲ್ಲ ತುಂಬಿತು. ತೀರ್ಥಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಕುಣಿದರೆ ಬೋಟು ಮಗುಚೀತೆಂದು ಕೂತೇ ಒಂದೆರಡು ಸಲ ಭುಜ ಕುಣಿಸಿದ.

ಅಷ್ಟರಲ್ಲಿ ಎದುರಿಗೆ ಬೆಳಕು ಕಂಡಿತು. ಬೆಳ್ಳಗೆ, ದಡದ ಮೇಲೆ, ಮನುಷ್ಯರ ಎತ್ತರಕ್ಕಿಂತ ಮೇಲೆ.

"ಪೆಟ್ರೋಮ್ಯಾಕ್ಸ್! ಕೆಂಚಮ್ಮಾರು ಹಚ್ಚಿಸಿಟ್ಟಿರೋದು!" ತೀರ್ಥಪ್ಪ ಚುಕ್ಕಾಣಿಯನ್ನು ಅತ್ತ ತಿರುಗಿಸಿದ.

ಅಯ್ಯನವರು ಹಿಂದೆ ನೋಡಿ, "ತೀರ್ಥಪ್ಪ, ಹಿಂದೇನೂ ಒಂದು ದೀಪ ಕಾಣ್ತದಲ್ಲೋ," ಎಂದರು. ದೂರದಲ್ಲಿ, ಬಹಳ ದೂರದಲ್ಲಿ, ಒಂದು ಚುಕ್ಕಿ ಬೆಳಕು ಮಿಣಮಿಣ ಎನ್ನುತ್ತಿತ್ತು.

"ಅದು ನಾವು ಬಿಟ್ಟುಬಂದ ದಡ ಬುದ್ಧಿ. ನಮ್ಮ ಮನೆಯೋಳು ಹಚ್ಚಿದ ದೀಪ. ನೋಡಿದ್ರಾ, ಎಷ್ಟು ದೂರ ಬಂದ್ಬಿಟ್ವಿ! ಮಿಣುಕು ಹುಳ ಆಗೋಗೈತೆ." ಅವನು ತಿರುಗಿ ಆ ಚುಕ್ಕಿಯನ್ನು ಮತ್ತೊಮ್ಮೆ ನೋಡಿದ. "ಪಾಪದೋಳು. ಈ ಚಳೀಲಿ ಒಬ್ಳೇ ಕಾಯ್ತಾ ಕೂತಿರ್ತಾಳೆ. ನಾನು ಎಷ್ಟು ಬಡಾಯಿ ಕೊಚ್ಚಿದ್ರೂ ಒಂದಿನ ಎದುರು ಮಾತಾಡಿದೋಳಲ್ಲ." ಹೀಗೆ ಹೇಳಿ, ಹಿಂದಿನ ಚುಕ್ಕಿ ಬೆಳಕಿಗೆ ಮನಸ್ಸಿನಲ್ಲೇ ಹೋಗಿಬರುತ್ತೇನೆಂದು ಹೇಳಿ, ಬೋಟನ್ನು ಎದುರಿನ ಬೆಳಕಿಗೆ ನೇರವಾಗಿ ಬಿಟ್ಟ.

ಸ್ವಲ್ಪ ಮುಂದೆ ಹೋಗುವಾಗ ಎದುರಿನ ದೀಪ ಆ ಕಡೆ ಈ ಕಡೆ ಓಲಾಡತೊಡಗಿತು.

"ನೋಡಿ ಅಯ್ಯನೋರೆ, ಸಿಗ್ನಲ್ ಕೊಡ್ತಾವ್ರೆ! ಬೀಗರು ಅಂದ್ರೆ ಬೀಗರು. ನಮ್ಮೋರಾಗಿದ್ರೆ ಕೊಂಬೆಗೆ ನೇತುಹಾಕಿ ಮಲಗಿರೋರು."

ಒಮ್ಮೆ ದೀಪ ಮಂಕಾಯಿತು, ಮತ್ತೆ ಹೊತ್ತಿಕೊಂಡಿತು. ಬೆಳಗಿನ ಜಾವದ ಹೊತ್ತಿಗಂತೂ ಇದ್ದಕ್ಕಿದ್ದಂತೆ ಎಷ್ಟು ಜೋರಾಗಿ ಉರಿಯತೊಡಗಿತೆಂದರೆ, ಪಂಪು ಹೊಡೆಯುತ್ತಿದ್ದವನ ಹುಮ್ಮಸ್ಸು ನೀರಿನವರೆಗೂ ಮುಟ್ಟಿತು. ದಡದ ಮೇಲೆಲ್ಲ ಮಂಜು ಇಳಿದಿತ್ತು. ಬೊಡ್ಡೆಗಳಿಗೆ ಹೆದರಿ ಬೋಟನ್ನು ಮೆಲ್ಲಗೆ ಬಿಡುತ್ತಾ, ಪೂರ್ವ ಬೆಳ್ಳಗಾಗುವ ಮುಂಚೆ ತೀರ್ಥಪ್ಪ ದಡ ಮುಟ್ಟಿಸಿದ.

ಮಂಜಿನೊಳಗಿಂದ ಮೊದಲು ಕಂಡವರು ಕೆಂಚಮ್ಮ. ಕಂಬಳಿ ಹೊದ್ದು, ಪೆಟ್ರೋಮ್ಯಾಕ್ಸಿನ ಕೆಳಗೆ, ಹೇಳಿದ ಮಾತಿನಂತೆ ಕಾಯುತ್ತಿದ್ದರು. ಪಕ್ಕದಲ್ಲಿ ಸೋಮಶೇಖರಪ್ಪ. ತೀರ್ಥಪ್ಪನಿಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು. ಬೋಟಿನಲ್ಲಿ ಎದ್ದು ನಿಂತು, ಎಣ್ಣೆ ಮೆತ್ತಿದ ಕೈಗಳನ್ನು ಮುಗಿದು, ದಾರಿಯುದ್ದಕ್ಕೂ ಉರುಹೊಡೆದಿದ್ದ ಮಾತನ್ನು ಶುರುಮಾಡಿದ.

"ಅಮ್ಮಾರೇ, ಮಾತು ಕೊಟ್ಟಂಗೆ ಬಂದಿದೀನಿ. ನಿಮ್ಮೂರಿನ ಮಣ್ಣು ಮೆಟ್ಟೋಕೆ ನಾವು ಪುಣ್ಯ ಮಾಡಿದ್ವಿ. ಎಂಥ ಊರು, ಎಂಥ ದಡ, ಎಂಥ ಮಾವಿನ ಮರ! ನನ್ನ ಭಾವಮೈದುನ ಬಸವರಾಜನ ಮನೆ ಮುಂದೇನೂ ಇಂಥದ್ದೇ ಒಂದೈತೆ, ಆದ್ರೆ ಇದರ ಮುಂದೆ ಅದು ಏನೂ ಅಲ್ಲ."

"ಅಯ್ಯೋ ನಮ್ಮ ಮರಕ್ಕೆ ಯಾಕೆ ಬಯ್ತೀರಿ ಭಾವ?" ಎಂದಿತು ಮಂಜು.

ತೀರ್ಥಪ್ಪ ಕಣ್ಣು ಉಜ್ಜಿಕೊಂಡ. ಬಸವರಾಜ ಟವೆಲು ಸುತ್ತಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಗುರುಶಾಂತಮ್ಮ.

"ಗುರುಶಾಂತಾ! ನೀನು ನನಗಿಂತ ಮುಂಚೆ ಇಲ್ಲಿಗೆ ಹೆಂಗೆ ಬಂದೆ?"

"ನಾನೆಲ್ಲಿಗೆ ಬರ್ಲಿ ಕಣ್ರೀ? ಬಿಟ್ಟಲ್ಲೇ ಇದೀನಿ."

ಈ ಗಲಾಟೆಗೆ ಗಿರಿಯಪ್ಪನಿಗೆ ಎಚ್ಚರವಾಯಿತು. ಅವನು ಎದ್ದು ಕೂತು, ಸುತ್ತ ನೋಡಿ, "ಇದೇನ್ ಸಾಮಿ, ನಮ್ಮ ಬಲೆ ಒಣಗಾಕೋ ಕಂಬಾನೂ ಆಚೆ ದಡಕ್ಕೆ ತಂದ್ಬಿಟ್ರಾ?" ಎಂದ.

ತೀರ್ಥಪ್ಪ ಮುಗಿದ ಕೈ ಇಳಿಸಿದ. ಇಡೀ ರಾತ್ರಿ ಅವನು ದಾಟಿದ್ದು ಅರ್ಧ ನೀರನ್ನು, ಆ ಅರ್ಧವನ್ನೇ ಮತ್ತೆ ದಾಟಿ ವಾಪಸ್ಸು ಬಂದಿದ್ದ. ಪೆಟ್ರೋಮ್ಯಾಕ್ಸಿನ ಕೆಳಗೆ ನೀಲಾ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಹಾಳು ಬಾಯಿ, ಎಂದುಕೊಂಡ. ಈ ಬಾಯೊಂದು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮಗಳ ಸಂಬಂಧ ಕುದುರಿರುತ್ತಿತ್ತು.

"ನೀವು... ಇಲ್ಲಿ?" ಎಂದ ಕೆಂಚಮ್ಮನ ಕಡೆ ತಿರುಗಿ, ಸಣ್ಣ ದನಿಯಲ್ಲಿ.

"ನಿದ್ದೆ ಎಲ್ಲಿ ಬರ್ಬೇಕಪ್ಪಾ!" ಎಂದರು ಕೆಂಚಮ್ಮ. "ಬೋಟಲ್ಲೇ ಬನ್ನಿ ಅಂತ ಉಬ್ಬಿಸಿದೋಳು ನಾನು. ರಾತ್ರಿಯಾದ್ರೂ ನಿಮ್ಮ ಸುಳಿವಿಲ್ಲ. ಆ ನೀರಲ್ಲಿ ನಿಮಗೇನಾದ್ರೂ ಆದ್ರೆ ಆ ಪಾಪ ಯಾರ ತಲೆ ಮೇಲೆ? ದಡದಾಗೆ ದೀಪಕ್ಕೆ ಪಂಪು ಹೊಡೆಯಾಕೆ ಆಳು ಬಿಟ್ಟು, ಮರದ ನಾಟಾ ತುಂಬಿದ ಲಾರಿ ಒಂದು ಈ ಕಡೆ ಹೊರಟಿತ್ತು, ಮೂರು ಜನಾನೂ ಹತ್ತಿ ಕಾಡು ದಾರೀಲಿ ಬಂದ್ವಿ. ಇಲ್ಲಿ ನೋಡಿದ್ರೆ ಇವ್ರೂ ಕಾಯ್ತಾ ಕೂತವ್ರೆ."

ಮೂರನೆಯವನು ಯಾರೆಂದು ತೀರ್ಥಪ್ಪ ಆಗ ನೋಡಿದ. ಕಾಂಪೌಂಡರ್ ವಿಶ್ವನಾಥ ಮರದ ಕೆಳಗೆ ನಿಂತು, ಏನೂ ಅಗತ್ಯವಿಲ್ಲದಿದ್ದರೂ, ಪೆಟ್ರೋಮ್ಯಾಕ್ಸಿಗೆ ಒಂದೇ ಸಮನೆ ಪಂಪು ಹೊಡೆಯುತ್ತಿದ್ದ. ನೀಲಾ ದೀಪ ಅಲುಗದಂತೆ ಹಿಡಿದುಕೊಂಡಿದ್ದಳು. ಬೆಳಗಿನ ಜಾವ ಬೆಳಕು ಯಾಕೆ ಅಷ್ಟು ಜೋರಾಯಿತೆಂಬುದು ಈಗ ಸ್ಪಷ್ಟವಾಯಿತು.

ಸೋಮಶೇಖರಪ್ಪ ಗಂಟಲು ಸರಿಮಾಡಿಕೊಂಡರು. "ಅವ್ವ, ಪದ್ಧತಿ ಪ್ರಕಾರ ವೀಳ್ಯ ನಮ್ಮ ದಡದಾಗೆ ಬೀಳ್ಬೇಕಿತ್ತಲ್ಲವಾ? ಮಾವ ನಾಳೆ ಕೇಳಿದ್ರೆ..."

ಪೂರ್ವದಲ್ಲಿ ಕೆಂಪು ಮೂಡುತ್ತಿತ್ತು. ಪಂಪು ಹೊಡೆಯುವ ಸದ್ದು ನಿಂತಿತು.

ಕೆಂಚಮ್ಮ ಕಂಬಳಿ ಸರಿಮಾಡಿಕೊಂಡು ಮಗನ ಕಡೆ ತಿರುಗಿದರು. "ನಾನು ಏನಂದಿದ್ದೆ? ಬೋಟಲ್ಲಿ ಬನ್ನಿ ಅಂದೆ, ಬೋಟಲ್ಲಿ ಬಂದವ್ರೆ. ಬೆಳಕು ನೋಡ್ಕೊಂಡು ಬನ್ನಿ ಅಂದೆ, ಬೆಳಕು ನೋಡ್ಕೊಂಡೇ ಬಂದವ್ರೆ. ಹೊತ್ತು ಹುಟ್ಟೋ ಮುಂಚೆ ಅಂದೆ, ಇನ್ನೂ ಹುಟ್ಟಿಲ್ಲ. ದೀಪದ ಕೆಳಗೆ ಮಡಿಲು ಹಿಡ್ಕೊಂಡು ಇರ್ತೀನಿ ಅಂದೆ, ಇದೀನಿ. ಯಾವ ದಡ ಅಂತ ಯಾವನಾದ್ರೂ ನನ್ನ ಕೇಳಿದ್ನಾ? ತೀರ್ಥಪ್ಪ, ಬೋಟಿಂದ ಇಳೀಬೇಡ. ಅಲ್ಲಿಂದ್ಲೇ ಹಾಕು. ಬೇಗ!"

ಮಲ್ಲಿಕಾರ್ಜುನಯ್ಯನವರು ರಾತ್ರಿಯೆಲ್ಲ ನೆಲಕ್ಕೆ ಮುಟ್ಟಿಸದೆ ಕಾಪಾಡಿದ್ದ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಕೆಂಚಮ್ಮ ಮಡಿಲು ಒಡ್ಡಿದರು. ತೀರ್ಥಪ್ಪ ಕೆಂಪು ರೇಷ್ಮೆಯ ಗಂಟು ಬಿಚ್ಚಿದ.

ಒಳಗೆ ಎರಡು ಸ್ಪ್ಯಾನರು, ಒಂದು ಸುತ್ತಿಗೆ, ಒಂದು ಸ್ಕ್ರೂಡ್ರೈವರು, ಗ್ರೀಸಿನ ಡಬ್ಬಿ. ಎಲ್ಲದರ ಮೇಲೂ ವಿಭೂತಿ.

ಗುರುಶಾಂತಮ್ಮ ಮೆಲ್ಲಗೆ ಮುಂದೆ ಬಂದು, ಸೆರಗಿನ ಕೆಳಗಿಂದ ಇನ್ನೊಂದು ಕೆಂಪು ಗಂಟನ್ನು ತೆಗೆದು ಗಂಡನ ಕೈಗಿಟ್ಟಳು.

"ಬೋಟು ಹೊರಟಾಗ್ಲೇ ಕೂಗ್ದೆ, ವೀಳ್ಯ ಇಲ್ಲೇ ಬಿಟ್ರಿ ಅಂತ. ನೀವು ಕೈಬೀಸಿ ಹೊರಟೇ ಹೋದ್ರಿ. ವಾಪಸ್ ಬರ್ಲಿ ಅಂತ ರಾತ್ರಿ ಎಲ್ಲಾ ದೀಪ ಆಡಿಸಿದೀನಿ, ರಟ್ಟೆ ಬಿದ್ದೋಯ್ತು."

"ಅದು ಬೀಗರ ಸಿಗ್ನಲ್ ಅಂದ್ಕೊಂಡೆ ಕಣೇ," ಎಂದ ತೀರ್ಥಪ್ಪ.

ಕೆಂಚಮ್ಮ ಒಮ್ಮೆ ಮಡಿಲನ್ನೂ ಒಮ್ಮೆ ಸುತ್ತಿಗೆಯನ್ನೂ ನೋಡಿದರು. "ಅಂದ್ರೆ ದಾರಿ ತಪ್ಪದೆ ನಮ್ಮೂರು ಮುಟ್ಟಿದ್ರೆ, ನೆಂಟರಿಷ್ಟರ ಎದುರಿಗೆ, ನನ್ನ ಮಡಿಲಿಗೆ ಸ್ಪ್ಯಾನರ್ ಸುರಿದಿರ್ತಿದ್ರಿ!" ಎಂದವರೇ ನಗತೊಡಗಿದರು. ಹಲ್ಲಿಲ್ಲದ ಬಾಯಿ ತುಂಬಾ ನಕ್ಕರು, ಮರ ಹಿಡಿದುಕೊಂಡು ನಕ್ಕರು. ಸೋಮಶೇಖರಪ್ಪನವರೂ ನಕ್ಕರು, ಅದು ಅವರ ಮನೆಯವರಿಗೇ ಹೊಸದು. ನಗುನಗುತ್ತಲೇ ಕೆಂಚಮ್ಮ ಮಡಿಲು ಒಡ್ಡಿದರು, ತೀರ್ಥಪ್ಪ ವೀಳ್ಯ ಹಾಕಿದ, ಅಯ್ಯನವರು ಮಂತ್ರ ಹೇಳಿದರು. ಮಂತ್ರ ಮುಗಿಯುವುದಕ್ಕೂ ಗುಡ್ಡದ ಮೇಲೆ ಸೂರ್ಯ ಹುಟ್ಟುವುದಕ್ಕೂ ಸರಿಹೋಯಿತು. ತೀರ್ಥಪ್ಪ ಮಗಳ ಮುಖವನ್ನು ಈಗ ನೋಡಿದ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಅವನ ಸಂತೋಷಕ್ಕೆ ಪಾರವಿರಲಿಲ್ಲ.

ಬಸವರಾಜನ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ತೀರ್ಥಪ್ಪ ಕೆಂಚಮ್ಮನ ಹತ್ತಿರ ಕೂತು ಮೆಲ್ಲಗೆ, "ಅಮ್ಮಾ, ಆ ಸಮುದ್ರದ ವಿಷಯ ಒಂದು ಹೇಳ್ಬೇಕಿತ್ತು," ಎಂದ.

"ಬಿಡಪ್ಪಾ," ಎಂದರು ಕೆಂಚಮ್ಮ. "ನಿಮ್ಮನೇಲಿ ಒಬ್ಬಟ್ಟು ತಿಂದ ದಿನಾನೇ ಆ ಬಾಟ್ಲಿ ನೆಕ್ಕಿ ನೋಡಿದ್ದೆ. ಅಡಿಗೆ ಉಪ್ಪು. ಆದ್ರೂ ಮಗಳಿಗೋಸ್ಕರ ನೀನು ನೀರಿಗಿಳಿದೆ ನೋಡು, ಅದರಲ್ಲಿ ಕಲಬೆರಕೆ ಇಲ್ಲ."

ಗುರುಶಾಂತಮ್ಮ ಅಲ್ಲಿಂದ ಎದ್ದು ಪೆಟ್ರೋಮ್ಯಾಕ್ಸಿನ ಹತ್ತಿರ ಹೋದಳು. ಹಗಲಿನಲ್ಲೂ ಅದು ಸುಯ್ಯೆಂದು ಉರಿಯುತ್ತಲೇ ಇತ್ತು. ಅವಳು ಗಂಡನ ಕಡೆ ತಿರುಗಿ, "ಮುಟ್ಟಿದ್ರಾ?" ಎಂದು ಕೇಳಿದಳು.

"ಮುಟ್ಟಿದೆ ಕಣೇ," ಎಂದ ತೀರ್ಥಪ್ಪ.

ಅವಳು ಗಾಳಿ ಬಿಟ್ಟಳು. ದೀಪ ಪುಸ್ಸೆಂದು ಆರಿತು.

ಆಗ ಕೆಂಚಮ್ಮ ಕಾಫಿ ಲೋಟ ಕೆಳಗಿಟ್ಟು ಹಣೆ ಬಡಿದುಕೊಂಡರು. "ಅಯ್ಯೋ, ನಮ್ದು ಆಚೆ ದಡದಾಗೆ ಉರೀತಾನೇ ಐತಲ್ಲೋ! ಬರೋರು ಬಂದ ಮೇಲೆ ಅವ್ರೇ ಅದನ್ನ ಆರಿಸ್ಬೇಕು. ಯಾರಾದ್ರೂ ಹೋಗ್ಬೇಕಲ್ಲ ಈಗ!"

ಎಲ್ಲರೂ ತೀರ್ಥಪ್ಪನ ಕಡೆ ನೋಡಿದರು. ಗಿರಿಯಪ್ಪ ಆಗಲೇ ಭಕ್ತಿಯಿಂದ ಎದ್ದು ಬೋಟಿನ ಕಡೆ ಹೊರಟಿದ್ದ. ತೀರ್ಥಪ್ಪ ಹಿನ್ನೀರನ್ನು ಒಮ್ಮೆ ಉದ್ದಕ್ಕೂ ನೋಡಿದ, ಗಂಟಲು ಸರಿಮಾಡಿಕೊಂಡ, ಭಾವಮೈದುನನ ಕಡೆ ತಿರುಗಿದ.

"ಬಸವರಾಜ, ಶಿವಮೊಗ್ಗದ ಬಸ್ಸು ಎಷ್ಟು ಹೊತ್ತಿಗೋ?"